ನೆಂಟರು ಹತ್ತಿದ ದಿನ ಬಿಗಿಯುವ ಚಕ್ರ

ಟಾರ್ಚಕ್ಕನಿಗೆ ಕೋಪ ಬಂದರೆ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ವಿಮಾನ ರಿಪೇರಿ ಮಾಡುವ ಹ್ಯಾಂಗರಿನಲ್ಲಿ ಅವಳ ಜೊತೆ ನಾಲ್ಕು ದಿನ ಕೆಲಸ ಮಾಡಿದವರಿಗೂ ಇದು ಗೊತ್ತು. ಗಂಟಲು ಹರಿಯುವ ಹಾಗೆ ಬೈಯುತ್ತಿದ್ದಾಳೆ ಎಂದರೆ ಎಲ್ಲ ಕ್ಷೇಮ. ಪಿಸುಮಾತಿಗೆ ಇಳಿದಳು ಎಂದರೆ ಕೈಯಲ್ಲಿರುವ ಸ್ಪ್ಯಾನರ್ ಕೆಳಗಿಟ್ಟು ಕಿವಿಗೊಡುವುದು ಒಳ್ಳೆಯದು. ಆ ಸೋಮವಾರ ಬೆಳಿಗ್ಗೆ ಮ್ಯಾನೇಜರ್ ಕೋಣೆಯಲ್ಲಿ ಅವಳು ಆಡಿದ ಮಾತು ಬಾಗಿಲಾಚೆ ನಿಂತವರಿಗೆ ಕೇಳಿಸಲೇ ಇಲ್ಲ.

“ನಾನು ಸಹಿ ಹಾಕಲ್ಲ ಸರ್” ಎಂದಿದ್ದಳು.

ಮ್ಯಾನೇಜರ್ ಮುಂದೆ ಲಾಗ್‌ಬುಕ್ ತೆರೆದಿತ್ತು. ವಿಮಾನದಲ್ಲಿ ಏನು ಕೆಟ್ಟಿತು, ಅದಕ್ಕೆ ಯಾರು ಏನು ಮಾಡಿದರು ಎಂದು ಬರೆದಿಡುವ ಪುಸ್ತಕ ಅದು. ಎಂಟು ಸೀಟಿನ ಒಂದು ಖಾಸಗಿ ಜೆಟ್‌ನ ಪೈಲಟ್ ಎರಡು ತಿಂಗಳಲ್ಲಿ ಮೂರು ಸಲ ಒಂದೇ ದೂರು ಬರೆದಿದ್ದರು: ತುಂಬ ಎತ್ತರಕ್ಕೆ ಹೋದಾಗ ವಿಮಾನ ತಿರುಗಿಸಲು ಕೈಯಲ್ಲಿ ಹಿಡಿಯುವ ಚಕ್ರ ಬಿಗಿಯುತ್ತದೆ, ಕೆಳಗಿಳಿಯುವಾಗ ತಾನಾಗಿಯೇ ಸಡಿಲವಾಗುತ್ತದೆ. ಮೊದಲ ಎರಡು ದೂರಿನ ಕೆಳಗೆ ‘ಪರೀಕ್ಷಿಸಲಾಗಿದೆ, ದೋಷ ಕಂಡುಬಂದಿಲ್ಲ’ ಎಂಬ ಸಾಲು, ಒಂದು ಸಹಿ, ಒಂದು ಮೊಹರು. ಮೂರನೆಯದರ ಕೆಳಗಿನ ಜಾಗ ಖಾಲಿ ಇತ್ತು. ಅದು ಟಾರ್ಚಕ್ಕನಿಗಾಗಿ ಕಾಯುತ್ತಿತ್ತು.

“ಮೂರು ಸಲ ಬಿಚ್ಚಿ ನೋಡಿದ್ದಾಯ್ತು ಅಕ್ಕ. ಆಟೋಪೈಲಟ್ ಮೋಟಾರೇ ಬದಲಾಯಿಸಿದ್ದಾಯ್ತು. ನೆಲದ ಮೇಲೆ ಚಕ್ರ ಬೆಣ್ಣೆ ಥರ ತಿರುಗುತ್ತೆ. ಇನ್ನೇನು ಬೇಕು?”

“ನೆಲದ ಮೇಲೆ ಯಾರೂ ಹಾರಲ್ಲ ಸರ್.”

“ದೋಷ ಕಂಡುಬಂದಿಲ್ಲ ಅನ್ನೋದು ನಿಜ ತಾನೇ? ಸುಳ್ಳು ಬರೀರಿ ಅಂತ ನಾನು ಹೇಳ್ತಿಲ್ಲವಲ್ಲ.”

“ಕಂಡುಬಂದಿಲ್ಲ ಅಂದರೆ ದೋಷ ಇಲ್ಲ ಅಂತಲ್ಲ. ನಮಗೆ ನೋಡೋದಕ್ಕೆ ಬರಲಿಲ್ಲ ಅಂತ. ಹಾಗಂತ ಬರೆಯೋದಾದರೆ ಈಗಲೇ ಸಹಿ ಹಾಕ್ತೀನಿ.”

ಮ್ಯಾನೇಜರ್ ಕೈಗಡಿಯಾರವನ್ನು ಬೆರಳಿನಿಂದ ಎರಡು ಸಲ ತಟ್ಟಿದ. ಅದು ಅವನ ಅಭ್ಯಾಸ. ಗುರುವಾರ ಒಂಬತ್ತಕ್ಕೆ ಮಾಲೀಕರು ನೆಂಟರನ್ನು ಕರೆದುಕೊಂಡು ಹೊರಡಬೇಕು. ಚಕ್ರ, ಕೇಬಲ್, ರೆಕ್ಕೆಯ ಕೆಲಸಕ್ಕೆ ಮೊಹರು ಒತ್ತುವ ಅಧಿಕಾರ ಇಡೀ ಹ್ಯಾಂಗರಿನಲ್ಲಿ ಇಬ್ಬರಿಗೆ ಮಾತ್ರ. ಮೊದಲೆರಡು ದೂರಿಗೆ ಸಹಿ ಹಾಕಿದ್ದ ಒಬ್ಬ ರಜೆಯಲ್ಲಿದ್ದ. ಇನ್ನೊಬ್ಬಳು ಎದುರಿಗೆ ನಿಂತು ಒಲ್ಲೆ ಎನ್ನುತ್ತಿದ್ದಳು.

“ಬುಧವಾರ ಸಾಯಂಕಾಲದವರೆಗೆ ಟೈಮ್ ಕೊಡ್ತೀನಿ” ಎಂದ. “ಅಷ್ಟರಲ್ಲಿ ದೋಷ ತೋರಿಸಿ, ಇಲ್ಲ ಸಹಿ ಹಾಕಿ. ಎರಡೂ ಆಗದಿದ್ದರೆ ನಿಮ್ಮ ಮೊಹರು ಹಿಂದಕ್ಕೆ ತಗೋಬೇಕಾಗುತ್ತೆ. ಮೇಲಿನವರ ಮಾತು ಇದು, ನಂದಲ್ಲ.”

“ಮೊಹರು ಕೊಟ್ಟಿದ್ದು ಒತ್ತೋದಕ್ಕೆ ಅಂತ ಮೇಲಿನವರು ತಿಳ್ಕೊಂಡಿದ್ದಾರೆ” ಎಂದಳು ಟಾರ್ಚಕ್ಕ, ಇನ್ನೂ ತಗ್ಗಿದ ದನಿಯಲ್ಲಿ. “ಒತ್ತದೇ ಇರೋದಕ್ಕೂ ಅದು ಬೇಕು.”

ಆ ಮೊಹರು ಹೆಬ್ಬೆರಳಿನ ಉಗುರಿನಷ್ಟು ಗಾತ್ರದ್ದು. ಹಿತ್ತಾಳೆಯ ಪುಟ್ಟ ಹಿಡಿಯ ತುದಿಯಲ್ಲಿ ಒಂದು ವೃತ್ತ, ವೃತ್ತದೊಳಗೆ ಹದಿನೇಳು ಎಂಬ ಅಂಕೆ. ಅದು ಕಾಗದದ ಮೇಲೆ ಬಿದ್ದರೆ ವಿಮಾನ ಹಾರಬಹುದು, ಬೀಳದಿದ್ದರೆ ಕೋಟಿ ಬಾಳುವ ಯಂತ್ರವೂ ನೆಲಕ್ಕಂಟಿಕೊಂಡ ತಗಡು. ಅದನ್ನು ಸಂಪಾದಿಸಲು ಟಾರ್ಚಕ್ಕನಿಗೆ ಹನ್ನೊಂದು ವರ್ಷ ಹಿಡಿದಿತ್ತು. ಭೌತಶಾಸ್ತ್ರದ ಪದವಿ ಮುಗಿಸಿ ಬಂದವಳನ್ನು ಮೊದಲು ಉಗ್ರಾಣದಲ್ಲಿ ನಟ್ಟು ಬೋಲ್ಟು ಎಣಿಸಲು ಕೂರಿಸಿದ್ದರು. ಕೆಲಸದ ನೆಲಕ್ಕೆ ಇಳಿಯುತ್ತೇನೆ ಎಂದಾಗ ಅಂದಿನ ಮುದಿ ಫೋರ್‌ಮನ್ ಎಲ್ಲರೆದುರು ನಕ್ಕಿದ್ದ. “ಕೇಬಲ್ ಎಳೆಯೋ ಶಕ್ತಿ ಎಲ್ಲಿಂದ ತರ್ತೀಯಮ್ಮ?” ಎಂದು ಕೇಳಿದ್ದ. “ಎಳೆಯೋದಕ್ಕೆ ಎತ್ತು ಸಾಕು ಸರ್. ಎಲ್ಲಿ ನಿಲ್ಲಿಸಬೇಕು ಅನ್ನೋದಕ್ಕೆ ನಾನು ಬೇಕು” ಎಂದು ಅವಳು ಕೇಬಲ್ಲಿನ ಬಿಗಿತ ಅಳೆಯುವ ಮೀಟರನ್ನು ಅವನ ಮುಂದೆ ಇಟ್ಟಿದ್ದಳು. ಅವನು ಎಳೆದು ಸರಿ ಎಂದು ಬಿಟ್ಟಿದ್ದ ಕೇಬಲ್ಲು ಅಳತೆಯಲ್ಲಿ ತಪ್ಪಿತ್ತು. ಫೋರ್‌ಮನ್ ಮರುದಿನ ಬೆಳಿಗ್ಗೆ ಅವಳ ಕೈಗೆ ಒಂದು ಟಾರ್ಚ್ ಕೊಟ್ಟ. ಅಂದಿನಿಂದ ಅದು ಕಪ್ಪು ದಾರದಲ್ಲಿ ಅವಳ ಕೊರಳಲ್ಲೇ ಇದೆ. ಟಾರ್ಚು ನಾಲ್ಕು ಸಲ ಬದಲಾಗಿದೆ, ದಾರ ಅದೇ.

ಕೆಲಸದಲ್ಲಿ ಅವಳು ಎರಡಕ್ಕೆ ಹೆಸರಾಗಿದ್ದಳು. ಒಂದು ಹಟ. ಇನ್ನೊಂದು ಸೀಲಂಟ್. ತಗಡಿನ ಸಂದುಗಳಿಗೆ ತುಂಬುವ ಆ ದಪ್ಪ ಬೂದು ಅಂಟನ್ನು ಬೇರೆಯವರು ಬಳಿದರೆ ಗೋಡೆಗೆ ಸಿಮೆಂಟ್ ಮೆತ್ತಿದಂತೆ ಕಾಣುತ್ತಿತ್ತು. ಟಾರ್ಚಕ್ಕ ಬಳಿದರೆ ಎಲ್ಲಿ ತಗಡು ಮುಗಿದು ಎಲ್ಲಿ ಅಂಟು ಶುರುವಾಯಿತು ಎಂದು ಬೆರಳಾಡಿಸಿದರೂ ತಿಳಿಯುತ್ತಿರಲಿಲ್ಲ. ಅದರ ಗುಟ್ಟು ಒಂದು ಟೀ ಚಮಚ. ಚಮಚದ ಬೆನ್ನನ್ನು ಒದ್ದೆ ಮಾಡಿ ಎಡದಿಂದ ಬಲಕ್ಕೆ ಒಂದೇ ಉಸಿರಿನಲ್ಲಿ ಸವರುವುದು. ಆ ಚಮಚ ಇಪ್ಪತ್ತು ವರ್ಷದ ಹಿಂದೆ ಅವಳ ಅತ್ತೆಯ ಅಡುಗೆಮನೆಯಿಂದ ಕಾಣೆಯಾದದ್ದು. ಆರರ ಸೆಟ್ಟು ಐದಾಯಿತು ಎಂದು ಅತ್ತೆ ಇಂದಿಗೂ ಬಂದವರೆದುರು ಹೇಳುವುದನ್ನು ಬಿಟ್ಟಿಲ್ಲ.

ಈ ಮ್ಯಾನೇಜರ್ ಸೀಲಂಟ್ ಬಳಿಯಲು ಕಲಿತದ್ದೂ ಅದೇ ಚಮಚದಲ್ಲಿ. ಹತ್ತು ವರ್ಷ ಟಾರ್ಚಕ್ಕನ ಪಕ್ಕದಲ್ಲಿ ಕೆಲಸ ಮಾಡಿ, ಪರೀಕ್ಷೆಗಳನ್ನು ಬರೆದು, ಮೇಲೆ ಹೋದವನು. ನಾಲ್ಕು ಜನರೆದುರು ಅವಳು ಅವನನ್ನು ಸರ್ ಎನ್ನುತ್ತಿದ್ದಳು. ಯಾರೂ ಇಲ್ಲದಾಗ ಹಳೆಯ ಹಾಗೆ ನೀನು ಎನ್ನುತ್ತಿದ್ದಳು. ಅವನು ಎರಡೂ ಕಡೆ ಅಕ್ಕ ಎನ್ನುತ್ತಿದ್ದ.

ಸೋಮವಾರ ಮಧ್ಯಾಹ್ನ ಅವಳು ಮೊದಲು ಹುಡುಕಿದ್ದು ದೋಷವನ್ನಲ್ಲ, ಪೈಲಟ್ಟನ್ನು. ಐವತ್ತೆಂಟರ ದಪ್ಪ ಮನುಷ್ಯ ಕ್ಯಾಪ್ಟನ್ ಕ್ಯಾಂಟೀನಿನ ಮೂಲೆಯಲ್ಲಿ ಟೀಗೆ ಬಿಸ್ಕತ್ತು ಅದ್ದುತ್ತ ಕೂತಿದ್ದರು.

“ಬಿಗಿಯುತ್ತೆ ಅಂತ ಬರೆದಿದ್ದೀರಿ. ಹೇಗೆ ಬಿಗಿಯುತ್ತೆ? ಕೆಸರಲ್ಲಿ ಕಾಲು ಹೂತ ಹಾಗಾ, ಗೋಡೆಗೆ ಹಣೆ ತಾಗಿದ ಹಾಗಾ?”

ಕ್ಯಾಪ್ಟನ್ ಬಿಸ್ಕತ್ತು ಕೆಳಗಿಟ್ಟರು. “ಮೊದಲು ಗೋಡೆ. ಬಲ ಹಾಕಿದರೆ ಕಟಕ್ ಅಂತ ಬಿಟ್ಕೊಳ್ಳುತ್ತೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಹಿಡ್ಕೊಳ್ಳುತ್ತೆ.”

“ಈ ಕಟಕ್ ಲಾಗ್‌ಬುಕ್ಕಲ್ಲಿ ಇಲ್ಲವಲ್ಲ?”

“ಯಾರೂ ಕೇಳಲಿಲ್ಲಮ್ಮ. ಬಂದವರೆಲ್ಲ ಚಕ್ರ ತಿರುಗಿಸಿ ನೋಡಿ, ‘ಕ್ಯಾಪ್ಟನ್, ನಿಮ್ಮ ಭುಜದ ನೋವು ಹೇಗಿದೆ’ ಅಂತ ನನ್ನನ್ನೇ ವಿಚಾರಿಸ್ಕೊಂಡು ಹೋದರು.” ಟೀ ಲೋಟ ಪಕ್ಕಕ್ಕೆ ಸರಿಸಿ ಮುಂದುವರಿಸಿದರು. “ಕೊನೇ ಸಲ ಹತ್ತು ನಿಮಿಷ ಎರಡೂ ಕೈಯಲ್ಲಿ ಹಿಡಿದು ಕೂತಿದ್ದೆ. ಹಿಂದೆ ನೆಂಟರು ಇಸ್ಪೀಟ್ ಆಡ್ತಾ ನಗ್ತಿದ್ದರು. ಇಳಿಯುವ ತನಕ ಅದು ಬಿಡದೇ ಹೋಗಿದ್ದರೆ ಏನಾಗ್ತಿತ್ತು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.”

ಹೇಳಬೇಕಾಗಿರಲಿಲ್ಲ. ಪೈಲಟ್ ಚಕ್ರ ತಿರುಗಿಸಿದರೆ ಕಾಲಡಿಯ ಹಲಗೆಯ ಕೆಳಗೆ ಓಡುವ ಉಕ್ಕಿನ ಕೇಬಲ್ ಎಳೆದುಕೊಳ್ಳುತ್ತದೆ. ಕೇಬಲ್ ರಾಟೆಗಳ ಮೇಲೆ ಹಾದು ವಿಮಾನದ ಹೊಟ್ಟೆಯ ಗೋಡೆಯಿಂದ ಹೊರಬಿದ್ದು ರೆಕ್ಕೆಯೊಳಗೆ ಹೋಗುತ್ತದೆ, ರೆಕ್ಕೆಯ ತುದಿಯ ಪಟ್ಟಿಯನ್ನು ಎತ್ತಿ ಇಳಿಸುತ್ತದೆ. ಆ ಪಟ್ಟಿ ಆಡಿದರೆ ಮಾತ್ರ ವಿಮಾನ ಪಕ್ಕಕ್ಕೆ ವಾಲಿ ತಿರುಗುತ್ತದೆ.

“ತಮಾಷೆ ಏನು ಗೊತ್ತಾ?” ಎಂದರು ಕ್ಯಾಪ್ಟನ್, ಅವಳು ಏಳುತ್ತಿದ್ದಾಗ. “ಮಾಲೀಕರು ಒಬ್ಬರೇ ಬಂದರೆ ಏನೂ ಆಗಲ್ಲ. ನೆಂಟರು ಹತ್ತಿದರೇ ಇದಕ್ಕೆ ಮುನಿಸು.”

ಪಕ್ಕದ ಮೇಜಿನವರು ನಕ್ಕರು. ಟಾರ್ಚಕ್ಕ ನಗಲಿಲ್ಲ, ಬರೆದುಕೊಂಡಳು.

ಮಂಗಳವಾರ ಬೆಳಿಗ್ಗೆ ಅವಳು ದೊಡ್ಡ ಹಾಳೆಯ ಮೇಲೆ ಕೋಷ್ಟಕ ಎಳೆದಳು. ಎರಡು ತಿಂಗಳಲ್ಲಿ ಈ ವಿಮಾನ ಹನ್ನೊಂದು ಸಲ ಹಾರಿತ್ತು. ಒಂದೊಂದು ಹಾರಾಟಕ್ಕೆ ಒಂದು ಸಾಲು. ಎಷ್ಟು ಎತ್ತರ, ಹೊರಗೆ ಎಷ್ಟು ಚಳಿ, ಒಳಗೆ ಎಷ್ಟು ಭಾರ, ದಾರಿಯಲ್ಲಿ ಮಳೆ ಇತ್ತೇ, ಹಿಂದಿನ ರಿಪೇರಿ ಯಾವುದು. ಚಕ್ರ ಬಿಗಿದ ಮೂರು ಸಾಲಿಗೆ ಕೆಂಪು ಚುಕ್ಕೆ. ಯಾವ ಕಾಲಮ್ಮೂ ಕೆಂಪು ಚುಕ್ಕೆಯ ಜೊತೆ ಸೇರಲಿಲ್ಲ. ಚಳಿ ಹನ್ನೊಂದೂ ಸಲ ಇತ್ತು. ಮಳೆ ಬಿದ್ದ ದಿನ ಚಕ್ರ ಸಲೀಸು. ಕೊನೆಗೆ ಹಾಳೆಯ ಅಂಚಿನಲ್ಲಿ ಉಳಿದ ಎರಡು ಬೆರಳಗಲ ಜಾಗದಲ್ಲಿ ‘ನೆಂಟರು’ ಎಂದು ಬರೆದು ಗುರುತು ಹಾಕುತ್ತ ಬಂದಳು. ಮೂರಕ್ಕೆ ಮೂರೂ ಸೇರಿದವು.

ಬೆನ್ನ ಹಿಂದೆ ಬಂದು ನಿಂತ ಮ್ಯಾನೇಜರ್ ಓದಿ ನೋಡಿದ. “ನೆಂಟರನ್ನ ಕಂಡರೆ ವಿಮಾನಕ್ಕೆ ಆಗಲ್ಲ ಅಂತ ಮಾಲೀಕರಿಗೆ ಹೇಳಲಾ ಅಕ್ಕ?”

“ಬೇಡ ಸರ್. ನೆಂಟರ ಜೊತೆ ಇನ್ನೇನು ಬರುತ್ತೆ ಅಂತ ನೋಡಬೇಕು. ಹೂವಿನ ಜೊತೆ ನಾರು ಇರುತ್ತಲ್ಲ.”

“ಭಾರ ಬರುತ್ತೆ.”

“ಐದನೇ ಸಾಲು ನೋಡಿ. ಅವತ್ತು ನೆಂಟರಿಲ್ಲ, ಪೆಟ್ಟಿಗೆಗಳಿದ್ದವು. ಭಾರ ಅಷ್ಟೇ. ಚಕ್ರ ಬಿಗೀಲಿಲ್ಲ.”

ಅವನು ಗಡಿಯಾರ ತಟ್ಟಿ ಹೊರಟುಹೋದ. ಅವಳು ಹಾಳೆ ಮಡಿಸಿಕೊಂಡು ಹ್ಯಾಂಗರಿನಲ್ಲಿ ಒಬ್ಬೊಬ್ಬರ ಬಳಿ ಹೋದಳು. ಎಲ್ಲರಿಗೂ ಒಂದೇ ಪ್ರಶ್ನೆ: ನೆಂಟರು ಬರುವ ಹಿಂದಿನ ದಿನ ಈ ವಿಮಾನಕ್ಕೆ ನೀವು ಬೇರೆ ಏನು ಮಾಡುತ್ತೀರಿ? ಇಂಧನ ತುಂಬುವವನು ಏನಿಲ್ಲ ಎಂದ. ಬ್ಯಾಟರಿ ನೋಡುವವಳು ಏನಿಲ್ಲ ಎಂದಳು. ಎಂಜಿನ್ ವಿಭಾಗದವನು, “ನಮಸ್ಕಾರ ಹಾಕ್ತೀನಿ, ಮತ್ತೆ ವಾಪಸ್ ಬರಬೇಡಪ್ಪ ಅಂತ” ಎಂದ. ಅಷ್ಟರಲ್ಲಿ ಮನೆಗೆ ಹೋಗುವ ಹೊತ್ತಾಯಿತು. ಒಬ್ಬರು ಉಳಿದಿದ್ದರು, ಅವರ ಪಾಳಿ ಬೆಳಿಗ್ಗೆ.

ಮನೆಯ ಮುಂದಿನ ಕೋಣೆಯೇ ಗಂಡನ ಹೊಲಿಗೆ ಅಂಗಡಿ. ಅವನು ಮೆಷಿನ್ ಮೇಲೆ ಬಗ್ಗಿದ್ದ. ಅತ್ತೆ ಕಿಟಕಿ ಬೆಳಕಿಗೆ ಕುರ್ಚಿ ಎಳೆದುಕೊಂಡು ಯಾರದೋ ಕೋಟಿನ ತೋಳು ಬಿಚ್ಚುತ್ತಿದ್ದರು. ಎಪ್ಪತ್ತೆಂಟಾದರೂ ಸೂಜಿಗೆ ದಾರ ಪೋಣಿಸಲು ಅವರಿಗೆ ಕನ್ನಡಕ ಬೇಡ. ಬೇರೆಯವರ ತಪ್ಪು ಹುಡುಕಲಂತೂ ಬೇಡವೇ ಬೇಡ.

“ಮುಖ ಯಾಕೆ ಗಂಟು ಹಾಕ್ಕೊಂಡಿದೀಯ?” ಎಂದರು ಅತ್ತೆ.

“ಮೊಹರು ಕಿತ್ಕೊಳ್ತಾರಂತೆ ಅತ್ತೆ. ನಾಳೆ ಸಾಯಂಕಾಲದೊಳಗೆ ಸಹಿ ಹಾಕದಿದ್ದರೆ.”

ಮೆಷಿನ್ ನಿಂತಿತು. “ಕಿತ್ಕೊಂಡರೆ?” ಎಂದ ಗಂಡ.

“ಮತ್ತೆ ಉಗ್ರಾಣ. ನಟ್ಟು, ಬೋಲ್ಟು.”

“ಹಾಕಿಬಿಡಬಹುದಲ್ಲ ಅಂತ ಕೇಳಲ್ಲ ನಾನು” ಎಂದ ಅವನು, ತುಂಬ ಎಚ್ಚರಿಕೆಯಿಂದ.

“ಕೇಳಿದ ಹಾಗೇ ಆಯ್ತು.”

“ಕೇಳಲಿಲ್ಲವಲ್ಲ.”

ಅತ್ತೆ ತೋಳಿನ ಹೊಲಿಗೆಯನ್ನು ಬ್ಲೇಡಿನಿಂದ ಒಂದೊಂದಾಗಿ ಕತ್ತರಿಸುತ್ತಲೇ ಇದ್ದರು. “ಇದು ಇವನೇ ಹೊಲಿದದ್ದು” ಎಂದರು ಮಗನತ್ತ ಗದ್ದ ತೋರಿಸಿ. “ಎಡದ ತೋಳು ಬಲಕ್ಕೆ ಇಟ್ಟಿದಾನೆ. ಹಾಗೇ ಕೊಟ್ಟುಬಿಡ್ತೀನಿ, ಅವರಿಗೆ ಗೊತ್ತಾಗಲ್ಲ ಅಂತಿದ್ದ. ಬಿಚ್ಚೋದಕ್ಕೆ ನಾಚಿಕೊಳ್ಳೋ ದರ್ಜಿ ಕೈಗೆ ಬಟ್ಟೆ ಕೊಡಬಾರದು ಅಂದೆ. ನಾನು ಹೆತ್ತ ದರ್ಜಿ ಆದರೂ ಅಷ್ಟೇ.” ಹಲ್ಲಿನಿಂದ ಒಂದು ದಾರ ಕಡಿದು ಮುಂದುವರಿಸಿದರು. “ಉಗ್ರಾಣಕ್ಕೆ ಹೋಗು, ಬೇಕಾದರೆ. ಆದರೆ ಆ ಚಮಚ ಆಗಲಾದರೂ ವಾಪಸ್ ತಾ.”

ಬುಧವಾರ ಬೆಳಿಗ್ಗೆ ಏಳಕ್ಕೆ ಅವಳು ತೊಳೆಯುವ ಮಾವನ ಮುಂದೆ ನಿಂತಿದ್ದಳು. ವಿಮಾನಗಳನ್ನು ತೊಳೆದು ಒರೆಸುವ ಆ ಮುದುಕರನ್ನು ಹ್ಯಾಂಗರಿನಲ್ಲಿ ಎಲ್ಲರೂ ಮಾವ ಎಂದೇ ಕರೆಯುತ್ತಿದ್ದರು.

“ಬೇರೆ ಇನ್ನೇನು ಮಾಡ್ತೀನಮ್ಮ? ತೊಳೀತೀನಿ” ಎಂದರು ಮಾವ. “ಅವರೊಬ್ಬರೇ ಹೋಗೋದಾದರೆ ಬರೀ ಬಟ್ಟೇಲಿ ಒರೆಸು ಅಂತಾರೆ. ನೆಂಟರಿದ್ದರೆ ಪಳಪಳ ಅನ್ನಬೇಕು. ಹಿಂದಿನ ಮಧ್ಯಾಹ್ನ ಪೂರ್ತಿ ಸೋಪು ಹಾಕಿ ತೊಳೀತೀನಿ. ರೆಕ್ಕೆ ಬುಡದಲ್ಲಿ ಎಣ್ಣೆ ಕಲೆ ಕೂತ್ಕೊಳ್ಳುತ್ತೆ ನೋಡಿ, ಅಲ್ಲಿ ಪೈಪು ಜೋರಾಗಿ ಹಿಡೀತೀನಿ.”

ಟಾರ್ಚಕ್ಕ ಹಾಳೆ ಬಿಡಿಸಿ, ಮಾವನ ಗೋಡೆ ಕ್ಯಾಲೆಂಡರಿನಲ್ಲಿ ಪೂರ್ತಿ ತೊಳೆದದ್ದಕ್ಕೆ ಪೆನ್ಸಿಲಿನ ಗೀಟು ಬಿದ್ದ ದಿನಗಳನ್ನು ಕೆಂಪು ಚುಕ್ಕೆಗಳ ಪಕ್ಕದಲ್ಲಿ ಬರೆದಳು. ಮೂರೂ ಸಲ, ಸರಿಯಾಗಿ ಹಿಂದಿನ ದಿನ.

ಮಾವನಿಗೆ ಆ ಕೆಂಪು ಚುಕ್ಕೆಗಳನ್ನು ನೋಡಿ ಗಾಬರಿಯಾಯಿತು. “ನನ್ನ ತಲೆಗೆ ಕಟ್ತೀರೇನಮ್ಮ?”

“ಇಲ್ಲ ಮಾವ. ನೀರು ಹಾಕೋದು ನಿಮ್ಮ ಕೆಲಸ. ಹಾಕಿದ ನೀರು ಹೊರಗೆ ಹೋಗೋ ಹಾಗೆ ನೋಡ್ಕೊಳ್ಳೋದು ನಮ್ಮ ಕೆಲಸ. ಈಗ ಇದನ್ನ ನೆಂಟರು ಬರ್ತಾರೆ ಅಂತಲೇ ತಿಳ್ಕೊಂಡು ತೊಳೀರಿ. ಒಂದಿಷ್ಟೂ ಕಡಿಮೆ ಬೇಡ.”

ಮಾವ ತೊಳೆದರು. ಅವಳು ಒಂದು ಗಂಟೆ ಕಾದಳು. ಆಮೇಲೆ ರೆಕ್ಕೆ ಹೊಟ್ಟೆಗೆ ಸೇರುವ ಜಾಗದ ತಗಡಿನ ಹನ್ನೆರಡು ತಿರುಪು ಬಿಚ್ಚಿ ಟಾರ್ಚ್ ಬಿಟ್ಟಳು. ಬೆಳಕು ಎದುರು ಬಿದ್ದು ಕಣ್ಣು ಕುಕ್ಕಿತು. ಒಳಗೆ ನೀರು ನಿಂತಿತ್ತು, ಎರಡು ಬೆರಳು ಆಳ. ಮಳೆ ನುಗ್ಗದ ಸಂದಿನಲ್ಲಿ ಪೈಪಿನ ಜೋರು ನೀರು ನುಗ್ಗಿತ್ತು. ಕೇಬಲ್ ಹೊಟ್ಟೆಯ ಗೋಡೆಯಿಂದ ಹೊರಬರುವ ರಬ್ಬರ್ ಬಿರಡೆ ಮತ್ತು ಅದರ ಪಕ್ಕದ ರಾಟೆಯ ಅರ್ಧ ಭಾಗ ನೀರಿನಲ್ಲಿ ಮುಳುಗಿದ್ದವು. ಇಷ್ಟು ದಿನ ಯಾರಿಗೂ ಇದು ಕಾಣದಿರಲು ಕಾರಣ ಸರಳವಾಗಿತ್ತು. ಪ್ರತಿ ಸಲವೂ ವಿಮಾನ ಹಾರಿ ಬಂದು, ಬಿಸಿಲಲ್ಲಿ ಎರಡು ದಿನ ನಿಂತು, ಇದ್ದ ನೀರು ಆರಿದ ಮೇಲೆ ಬಿಚ್ಚಿ ನೋಡಿದ್ದರು.

ಮ್ಯಾನೇಜರ್ ಬಂದು ಬಗ್ಗಿ ನೋಡಿದ. “ನೀರಿದೆ, ಸರಿ. ಆದರೆ ಇದೇ ಚಕ್ರ ಬಿಗಿಯೋ ಹಾಗೆ ಮಾಡುತ್ತೆ ಅಂತ ಹೇಗೆ ಹೇಳ್ತೀರಿ?”

“ನಾನು ಹೇಳಲ್ಲ ಸರ್. ನೀವೇ ಹೇಳ್ತೀರಿ, ಇನ್ನು ಅರ್ಧ ಗಂಟೆಗೆ.”

ಔಷಧಿ ಸಾಗಿಸುವ ಗೋದಾಮಿನಿಂದ ಅವಳು ಮೂರು ಪೆಟ್ಟಿಗೆ ಡ್ರೈ ಐಸ್, ಮಂಜುಗಡ್ಡೆಗಿಂತ ಎಷ್ಟೋ ಪಾಲು ತಣ್ಣಗಿನ ಬಿಳಿ ಗಡ್ಡೆ, ತರಿಸಿದ್ದಳು. ದಪ್ಪ ಕೈಗವಸು ಹಾಕಿಕೊಂಡು ಅದನ್ನು ಚೀಲಗಳಲ್ಲಿ ತುಂಬಿ, ಹೊಟ್ಟೆಯ ಕೆಳಗಿನ ತಗಡಿಗೆ ಒತ್ತಿ ಕಟ್ಟಿ, ಮೇಲೆ ಕಂಬಳಿ ಸುತ್ತಿದಳು. ಮೇಲೆ ಆಕಾಶದಲ್ಲಿ ಇರುವ ಚಳಿಯನ್ನು ಹ್ಯಾಂಗರಿನ ನೆಲಕ್ಕೆ ಇಳಿಸಿದಂತಾಯಿತು. ಬಿಳಿ ಹೊಗೆ ಕಾಲಡಿ ಹರಿಯಿತು. ಕೆಲಸ ಬಿಟ್ಟು ಎಲ್ಲರೂ ಸುತ್ತ ಸೇರಿದರು. ಇಪ್ಪತ್ತೈದು ನಿಮಿಷ ಕಳೆದ ಮೇಲೆ ಅವಳು ಮ್ಯಾನೇಜರನ್ನು ಪೈಲಟ್ ಸೀಟಿನಲ್ಲಿ ಕೂರಿಸಿ, ಚಕ್ರಕ್ಕೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಅವನ ಕೈಗೆ ಕೊಟ್ಟಳು. ಬೆಳಿಗ್ಗೆ ತೊಳೆಯುವ ಮುಂಚೆ ಎರಡು ಕಿಲೋ ಎಳೆತಕ್ಕೇ ಚಕ್ರ ತಿರುಗಿತ್ತು.

“ಎಳೀರಿ. ಮೆಲ್ಲಗೆ. ಅಂಕೆ ಜೋರಾಗಿ ಓದಿ.”

“ಎರಡು. ಮೂರು. ಐದು.” ಅವನ ದನಿ ನಿಧಾನವಾಯಿತು. “ಏಳು. ಎಂಟು. ಅಕ್ಕ, ಅಲ್ಲಾಡ್ತಿಲ್ಲ.”

“ಇನ್ನೊಂದು ಚೂರು.”

ಕಟಕ್ ಎಂದಿತು. ಚಕ್ರ ಎರಡು ಬೆರಳಗಲ ತಿರುಗಿ ಮತ್ತೆ ನಿಂತಿತು. ಹೆಪ್ಪುಗಟ್ಟಿದ ನೀರು ಕೇಬಲ್ಲನ್ನು ಹಿಡಿದಿತ್ತು. ಕೆಳಗೆ ನಿಂತಿದ್ದ ಕ್ಯಾಪ್ಟನ್ ಕಣ್ಣು ಮುಚ್ಚಿ ತಲೆಯಾಡಿಸಿದರು. “ಇದೇ ಸದ್ದು” ಎಂದರು. “ಇನ್ನು ನನ್ನ ಭುಜದ ಬಗ್ಗೆ ಯಾರೂ ವಿಚಾರಿಸಬೇಡಿ.”

ಕಥೆ ಇಲ್ಲಿಗೇ ಮುಗಿದಿದ್ದರೆ ಟಾರ್ಚಕ್ಕ ಮೊಹರನ್ನು ಹೆಮ್ಮೆಯಿಂದ ಒತ್ತಿ ಸಾಯಂಕಾಲ ಮನೆಗೆ ಹೋಗುತ್ತಿದ್ದಳು. ಆದರೆ ನೀರು ಯಾಕೆ ನಿಂತಿತು ಎಂಬ ಪ್ರಶ್ನೆ ಉಳಿದಿತ್ತು. ಆ ಜಾಗದ ಅತ್ಯಂತ ತಗ್ಗಿನಲ್ಲಿ ನೀರು ಹರಿದುಹೋಗಲೆಂದೇ ಪೆನ್ಸಿಲ್ ದಪ್ಪದ ಒಂದು ತೂತು ಇರುತ್ತದೆ. ಮಂಜುಗಡ್ಡೆ ಕರಗಿಸಿ, ನೀರನ್ನು ಸ್ಪಂಜಿನಲ್ಲಿ ಹೀರಿ, ಅವಳು ಬೆರಳಾಡಿಸಿ ಆ ತೂತು ಹುಡುಕಿದಳು. ಸಿಗಲಿಲ್ಲ. ನಕ್ಷೆ ತೆಗೆದು ಅಳತೆ ಹಿಡಿದು ಮತ್ತೆ ಹುಡುಕಿದಳು. ತೂತಿರಬೇಕಾದ ಕಡೆ ನುಣುಪಾದ ಬೂದು ಸೀಲಂಟ್ ಇತ್ತು. ಎಡದಿಂದ ಬಲಕ್ಕೆ, ಒಂದೇ ಉಸಿರಿನಲ್ಲಿ ಸವರಿದ್ದು. ಎಲ್ಲಿ ತಗಡು ಮುಗಿದು ಎಲ್ಲಿ ಅಂಟು ಶುರುವಾಯಿತು ಎಂದು ತಿಳಿಯದಷ್ಟು ಅಚ್ಚುಕಟ್ಟು.

ಅವಳು ಟಾರ್ಚ್ ಆರಿಸಿದಳು. ಆಮೇಲೆ ಎದ್ದು ಬಂದು ಹಳೆಯ ದಾಖಲೆ ತೆಗೆದಳು. ಐದು ತಿಂಗಳ ಹಿಂದಿನ ದೊಡ್ಡ ತಪಾಸಣೆ; ಅದಾದ ಮೇಲೆ ನೆಂಟರು ಹತ್ತಿದ್ದು ಈ ಎರಡು ತಿಂಗಳಲ್ಲಿ ಮಾತ್ರ. ರೆಕ್ಕೆ ಬುಡದ ಸಂದುಗಳಿಗೆ ಹೊಸ ಸೀಲಂಟ್, ಮೊಹರು ಹದಿನೇಳು. ಇಂಥ ಕೆಲಸಕ್ಕೆ ಎರಡು ಜೊತೆ ಕಣ್ಣು ಬೇಕು ಎಂಬುದು ನಿಯಮ. ಮಾಡಿದವರು ಒಬ್ಬರು, ಬೇರೆಯಾಗಿ ಬಂದು ನೋಡುವವರು ಇನ್ನೊಬ್ಬರು. ಎರಡನೆಯ ಸಹಿ ಆಗಿನ್ನೂ ಮೇಲ್ವಿಚಾರಕನಾಗಿದ್ದ ಈ ಮ್ಯಾನೇಜರನದು.

ಅವಳು ದಾಖಲೆ ಹಿಡಿದು ಅವನ ಕೋಣೆಗೆ ಹೋಗಿ ಬಾಗಿಲು ಹಾಕಿದಳು.

“ನೀನು ನೋಡಿದ್ಯಾ?” ಎಂದಳು. ದನಿ ತೀರ ಕೆಳಗಿತ್ತು.

ಅವನು ಸಹಿಯನ್ನೇ ನೋಡಿದ. “ನಿಮ್ಮ ಕೆಲಸ ಅಲ್ವಾ ಅಕ್ಕ” ಎಂದ. “ನಿಮ್ಮ ಕೆಲಸ ನೋಡೋದು ಏನಿದೆ ಅಂತ ಬಗ್ಗಲಿಲ್ಲ.”

“ನಂದೇ ಕೆಲಸ ಅಂತ ನಾನೂ ಬಗ್ಗಲಿಲ್ಲ. ಚೆಂದ ಕಾಣ್ತಿತ್ತು.”

ಹೊರಗೆ ಯಾರೋ ಗಾಳಿಯ ಪೈಪು ಬಿಟ್ಟ ಸದ್ದು. ಮ್ಯಾನೇಜರ್ ಗಡಿಯಾರ ತಟ್ಟಲು ಹೋಗಿ ಕೈ ಹಿಂದೆ ತೆಗೆದ. “ಒಂದು ದಾರಿ ಇದೆ. ‘ನೀರು ಹೋಗುವ ತೂತು ಮುಚ್ಚಿತ್ತು, ತೆರೆಯಲಾಗಿದೆ’ ಅಂತ ಬರೀರಿ. ಅದು ನಿಜ. ಯಾರು ಮುಚ್ಚಿದ್ದು ಅಂತ ಯಾರೂ ಕೇಳಲ್ಲ. ಹಾವೂ ಸಾಯುತ್ತೆ, ಕೋಲೂ ಮುರಿಯಲ್ಲ.”

“ಇನ್ನೆರಡು ವಿಮಾನಕ್ಕೆ ನಾನೇ ಸೀಲಂಟ್ ಹಾಕಿದೀನಿ, ಇದೇ ಜಾಗಕ್ಕೆ. ಯಾರು ಮುಚ್ಚಿದ್ದು ಅಂತ ಬರೀದಿದ್ದರೆ ಆ ಎರಡನ್ನೂ ಯಾರು ಬಿಚ್ಚಿ ನೋಡ್ತಾರೆ?”

“ನಾವೇ ಸದ್ದಿಲ್ಲದೆ ನೋಡಬಹುದು.”

“ಸದ್ದಿಲ್ಲದೆ ಸಹಿ ಹಾಕಿದ್ದಕ್ಕೇ ಇಷ್ಟೆಲ್ಲ ಆಗಿದ್ದು.”

“ಹಾಗೆ ಬರೆದರೆ ನಿಮ್ಮ ಮೊಹರು ಇವತ್ತೇ ಹೋಗುತ್ತೆ ಅಕ್ಕ. ವಿಚಾರಣೆ ಮುಗಿಯೋ ತನಕ. ನಿಯಮ ನಿಮಗೇ ಗೊತ್ತು.”

“ಗೊತ್ತು. ಸೋಮವಾರ ಸಹಿ ಹಾಕಲ್ಲ ಅಂದಿದ್ದಕ್ಕೆ ಹೋಗ್ತಿತ್ತು, ಬುಧವಾರ ಸಹಿ ಹಾಕ್ತೀನಿ ಅಂದಿದ್ದಕ್ಕೆ ಹೋಗ್ತಿದೆ. ಅದಕ್ಕೆ ಹೋಗೋದೇ ಇಷ್ಟ ಅಂದರೆ ಹೋಗಲಿ.” ಲಾಗ್‌ಬುಕ್ ತನ್ನತ್ತ ಎಳೆದುಕೊಂಡಳು. “ಪೆನ್ನು ಕೊಡು.”

ಮೂರನೆಯ ದೂರಿನ ಕೆಳಗಿನ ಖಾಲಿ ಜಾಗ ಅವಳಿಗೆ ಸಾಲಲಿಲ್ಲ, ಅಂಚಿಗೂ ಹೋಯಿತು. ನೀರು ನಿಂತದ್ದು, ಹೆಪ್ಪುಗಟ್ಟಿಸಿ ತೋರಿಸಿದ್ದು, ಎಂಟು ಕಿಲೋ ಎಳೆದರೂ ಚಕ್ರ ಅಲ್ಲಾಡದ್ದು. ಕೊನೆಗೆ: ‘ಐದು ತಿಂಗಳ ಹಿಂದೆ ಸೀಲಂಟ್ ಹಾಕುವಾಗ ತೂತನ್ನು ಮುಚ್ಚಿದ್ದು ನಾನು. ಅದನ್ನು ತೆರೆದು ಬೇರೆಯವರು ನೋಡುವವರೆಗೆ ಈ ವಿಮಾನ ಹಾರತಕ್ಕದ್ದಲ್ಲ. ಇದೇ ಕೆಲಸ ನಾನು ಮಾಡಿದ ಬೇರೆ ಎರಡು ವಿಮಾನಗಳನ್ನು ಹಾರಿಸುವ ಮುನ್ನ ಬಿಚ್ಚಿ ನೋಡತಕ್ಕದ್ದು.’ ಸಹಿ ಹಾಕಿ, ಹದಿನೇಳನ್ನು ಗಟ್ಟಿಯಾಗಿ ಒತ್ತಿದಳು. ಶಾಯಿ ಆರುವವರೆಗೆ ಊದಿದಳು. ಆಮೇಲೆ ಮೊಹರನ್ನು ಬಟ್ಟೆಯಿಂದ ಒರೆಸಿ ಅವನ ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿದಳು.

“ಎರಡನೇ ಸಹಿ ಬಗ್ಗೆ ಏನೂ ಬರೆದಿಲ್ಲ ನೀವು” ಎಂದ ಮ್ಯಾನೇಜರ್.

“ಅದು ನಿಂದು. ನಿಂದು ನಾನು ಯಾಕೆ ಬರೀಲಿ?”

ಗುರುವಾರ ಮಾಲೀಕರು ಬೇರೆ ವಿಮಾನ ತರಿಸಿಕೊಂಡು ಹೋದರು, ಫೋನಿನಲ್ಲಿ ಸಾಕಷ್ಟು ಕೂಗಾಡಿದ ಮೇಲೆ. ಟಾರ್ಚಕ್ಕ ಎಂದಿನಂತೆ ಎಂಟಕ್ಕೆ ಬಂದಳು. ಮೊಹರಿಲ್ಲದವಳು ಬೇರೆಯವರ ಕೈಕೆಳಗೆ ಕೆಲಸ ಮಾಡಬಹುದು, ಸಹಿ ಹಾಕುವ ಹಾಗಿಲ್ಲ. “ಏನಕ್ಕ, ಇವತ್ತಿಂದ ನಮ್ಮ ಜೊತೆ ಕೂಲಿನಾ?” ಎಂದ ಎಂಜಿನ್ ವಿಭಾಗದವನು.

“ಕೂಲಿನೇ. ಆದರೆ ನಿನ್ನ ಹಾಗೆ ವಿಮಾನಕ್ಕೆ ನಮಸ್ಕಾರ ಹಾಕಿ ಕಳಿಸಲ್ಲ, ನೋಡಿ ಕಳಿಸ್ತೀನಿ” ಎಂದಳು, ಎಲ್ಲರಿಗೂ ಕೇಳುವಂತೆ. ದನಿ ದೊಡ್ಡದಾಗಿತ್ತು. ಸುತ್ತಲಿದ್ದವರಿಗೆ ಸಮಾಧಾನವಾಯಿತು.

ಲಾಗ್‌ಬುಕ್ ಮೇಜಿನ ಮೇಲಿತ್ತು. ಅವಳ ಬರಹದ ಕೆಳಗೆ ಇನ್ನೊಂದು ಕೈಯ ಎರಡು ಸಾಲು ಸೇರಿದ್ದವು: ‘ಎರಡನೆಯ ತಪಾಸಣೆ ನನ್ನದು. ನಾನು ನೋಡದೆ ಸಹಿ ಮಾಡಿದ್ದೆ.’ ಅವಳು ಓದಿ ಪುಟ ಮಗುಚಿದಳು.

ಉಳಿದ ಎರಡು ವಿಮಾನಗಳನ್ನು ಮುಂದಿನ ವಾರ ತರಿಸಿದರು. ಮೊದಲನೆಯದರಲ್ಲಿ ತೂತು ತೆರೆದೇ ಇತ್ತು. ಎರಡನೆಯದರಲ್ಲಿ ಮುಕ್ಕಾಲು ಮುಚ್ಚಿತ್ತು. ಟಾರ್ಚಕ್ಕ ಹಳೆಯ ಅಂಟನ್ನು ಕೆರೆದಳು. ಹೊಸದು ಹಾಕುವ ಮುನ್ನ ಜೇಬಿನಿಂದ ಮರದ ಸಣ್ಣ ಗೂಟವೊಂದನ್ನು ತೆಗೆದು ತೂತಿಗೆ ಸಿಕ್ಕಿಸಿದಳು. ಗೂಟದ ತಲೆಗೆ ಗಂಡನ ಅಂಗಡಿಯ ಕೆಂಪು ದಾರ ಸುತ್ತಿತ್ತು, ಮರೆತು ಹೋದರೆ ಕಣ್ಣಿಗೆ ಹೊಡೆಯಲಿ ಎಂದು. ಅತ್ತೆ ಅಂಥ ಹನ್ನೆರಡು ಗೂಟಗಳಿಗೆ ದಾರ ಸುತ್ತಿಕೊಟ್ಟಿದ್ದರು, ಚಮಚದ ಮಾತನ್ನು ಹನ್ನೆರಡು ಸಲ ಎತ್ತಿ. ಚಮಚ ಇನ್ನೂ ಅವಳ ಬಳಿಯೇ ಇತ್ತು. ಅಂಟು ಸವರಿ ಒಣಗಿದ ಮೇಲೆ ಗೂಟ ಕಿತ್ತಳು, ಒಂದು ಲೋಟ ನೀರು ಕೈಗೆತ್ತಿಕೊಂಡು ಕೆಳಗೆ ಕೂಗಿದಳು.

“ಕೆಳಗೆ ಯಾರಿದ್ದೀರಿ?”

“ನಾನು ಅಕ್ಕ.” ಮ್ಯಾನೇಜರ್ ತೋಳು ಮಡಿಸಿ, ಎಣ್ಣೆ ಕಲೆಯ ನೆಲದ ಮೇಲೆ ಬೆನ್ನು ಹಾಕಿ ಮಲಗಿದ್ದ. ವಿಚಾರಣೆ ಅವನ ಮೇಲೂ ನಡೆಯುತ್ತಿತ್ತು. ಇಬ್ಬರಿಗೂ ಅದು ಹೇಗೆ ಮುಗಿಯುತ್ತದೆ ಎಂದು ಗೊತ್ತಿರಲಿಲ್ಲ. ರಜೆಯಿಂದ ವಾಪಸ್ ಬಂದ ಇನ್ನೊಬ್ಬ ಮೊಹರಿನವನು ಪಕ್ಕದಲ್ಲಿ ಪುಸ್ತಕ ಹಿಡಿದು ನಿಂತಿದ್ದ.

ಅವಳು ನೀರು ಸುರಿದಳು. “ಬಂತಾ?”

“ಇಲ್ಲ.”

“ಬಂತಾ?”

“ಇರಿ ಅಕ್ಕ, ಕೆಳಗೆ ಬರಬೇಡ್ವಾ?”

ಮೊಹರಿನವನು ಪೆನ್ನಿನ ಮುಚ್ಚಳ ತೆಗೆದಿದ್ದ. “ಬರುತ್ತೆ ಬಿಡಿ, ನೀವೇ ಮಾಡಿದ್ದಲ್ವಾ, ಬರ್ಕೊಳ್ತೀನಿ” ಎಂದ.

ಟಾರ್ಚಕ್ಕನ ದನಿ ಇಳಿಯಿತು. “ಮುಚ್ಚಳ ಹಾಕು” ಎಂದಳು. “ಬಗ್ಗಿ ನೋಡು.”

ಅವನು ಪುಸ್ತಕ ನೆಲಕ್ಕಿಟ್ಟು ಮಂಡಿಯೂರಿ ಬಗ್ಗಿದ. ಮೂವರೂ ಕಾದರು. ತಗಡಿನ ತೂತಿನಲ್ಲಿ ಒಂದು ಹನಿ ದಪ್ಪವಾಯಿತು, ತೂಗಿತು, ಮ್ಯಾನೇಜರನ ಹಣೆಯ ಮೇಲೆ ಬಿತ್ತು. ಅದರ ಹಿಂದೆಯೇ ನೀರು ದಾರದ ಹಾಗೆ ಇಳಿಯತೊಡಗಿತು.

“ಬಂತು” ಎಂದ ಮೊಹರಿನವನು.

“ನೀನು ನೋಡಿದೆ ತಾನೇ?”

“ನೋಡಿದೆ ಅಕ್ಕ.”

“ಈಗ ಬರಿ.”